ಕಂಪ್ಯೂಟರಿನ ವಾಟ್ನಿ

ಎಳ್ಳಮಾವಾಸ್ಯೆಯ ಮರುದಿನ, ಭಾನುವಾರ ಬೆಳಿಗ್ಗೆ, ನಮ್ಮ ಮಾವನವರು ಕಂಪ್ಯೂಟರಿನ ವಾಟ್ನಿ ಮಾಡಿದರು.

ವಾಟ್ನಿ ಎಂದರೆ ಪಾಲು ಹಂಚುವುದು. ಆಳಂದದ ಸುತ್ತ ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರೂ ಹೊಲ, ಎತ್ತು, ಹಂಡೆ, ಕಡೆಗೆ ಒಳಕಲ್ಲಿನವರೆಗೂ ಹಂಚಿಕೊಡಲು ನಮ್ಮ ಮಾವ ಬಸವಂತರಾಯರನ್ನೇ ಕರೆಯುತ್ತಾರೆ. ಅವರಿಗೀಗ ಎಪ್ಪತ್ತೊಂಬತ್ತು. ಅವರು ಮಾಡಿಸಿದ ಅರವತ್ತೆರಡು ವಾಟ್ನಿಗಳಲ್ಲಿ ಒಂದೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ. ಅರವತ್ತಮೂರನೆಯದು ನಮ್ಮ ಮನೆಯ ಕಂಪ್ಯೂಟರು.

ಅದು ಇರುವುದು ಮೊದಲು ಜೋಳದ ಚೀಲ ಇಡುತ್ತಿದ್ದ ಕೋಣೆಯಲ್ಲಿ. ನಾಲ್ಕು ವರ್ಷದ ಹಿಂದೆ ಮಾವನವರೇ ಕೊಂಡು ತಂದದ್ದು. ಹಗಲು ರಾತ್ರಿ ನಡೆಯುತ್ತಲೇ ಇರುತ್ತದೆ. ಅದರ ಮುಂದೆ ಕೂರುವವಳು ನನ್ನ ಮಗಳು ಶಾಂಭವಿ ಒಬ್ಬಳೇ ಆದರೂ, ಅಫಜಲಪುರದಿಂದ ನನ್ನ ಮೈದುನ ಅರುಣಕುಮಾರ, ಜೇವರ್ಗಿಯಿಂದ ನಾದಿನಿ ಸಪ್ನಾ ತಮ್ಮ ಮನೆಯಲ್ಲಿ ಕೂತುಕೊಂಡೇ ಅದರೊಳಗೆ ಬಂದು ಕೆಲಸ ಮಾಡಿಕೊಂಡು ಹೋಗುತ್ತಾರೆ. ಅರುಣನದು ಕಬ್ಬು ಕಡಿಯುವ ಪಾಳಿ ಯಾರದೆಂದು ಗೊಬ್ಬೂರಿನ ರೈತರಿಗೆ ಮೆಸೇಜು ಕಳಿಸುವ ಪ್ರೋಗ್ರಾಮು. ಇಜೇರಿ ಶಾಲೆಯಲ್ಲಿ ಟೀಚರಾಗಿರುವ ಸಪ್ನಾಳದು ಪ್ರಶ್ನೆಪತ್ರಿಕೆ ಮಾಡುವ ಪ್ರೋಗ್ರಾಮು. ಶಾಂಭವಿಯದು ಇಂಜಿನಿಯರಿಂಗಿನ ಕೊನೆಯ ವರ್ಷದ ಪ್ರಾಜೆಕ್ಟು. ತೊಗರಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಬರುವ ಸಪ್ಪಳ ಕೇಳಿ, ಬೆಳೆ ಕೊಯ್ಲಿಗೆ ಒಣಗಿದೆಯೋ ಇಲ್ಲವೋ ಹೇಳುವುದು. ಆ ವಿದ್ಯೆ ಅದಕ್ಕೆ ಮಾವನವರ ಕಿವಿಯಿಂದ ಬಂದದ್ದು. ಹೋದ ವರ್ಷ ಎರಡು ತಿಂಗಳು ಅಜ್ಜ ಮೊಮ್ಮಗಳು ಕೂತು ನಾನೂರು ಕಾಯಿ ಅಲ್ಲಾಡಿಸಿದ್ದರು. ಒಂದೊಂದಕ್ಕೂ ಅವರು "ಒಣಗ್ಯಾದ", "ಇನ್ನಾ ಹಸಿ ಅದ" ಎನ್ನುವುದು, ಇವಳು ಬರೆದುಕೊಳ್ಳುವುದು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಲಬುರಗಿಯ ಕಾಲೇಜಿನಲ್ಲಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅವಳು ಅದನ್ನು ನಡೆಸಿ ತೋರಿಸಬೇಕಿತ್ತು. ನಡೆಯದಿದ್ದರೆ ಒಂದು ವರ್ಷ ಹೋದಂತೆ.

ಜಗಳ ಶುರುವಾದದ್ದು ಶನಿವಾರ. ಹಬ್ಬಕ್ಕೆಂದು ಅರುಣ, ಸಪ್ನಾ ಇಬ್ಬರೂ ಬಂದಿದ್ದರು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಸಜ್ಜೆ ರೊಟ್ಟಿಗೆ ಕಾಳು ಸೊಪ್ಪಿನ ಭಜ್ಜಿ ಹಚ್ಚಿಕೊಂಡು ಕೂತಾಗ ಅರುಣನ ಫೋನು ಬಿಡದೆ ಬಡಿದುಕೊಳ್ಳತೊಡಗಿತು.

"ಶಾಂಭವಿ, ಏನ್ ಮಾಡೀದಿಬೇ ನೀ? ಗೊಬ್ಬೂರ ಮಂದಿಗಿ ಮೆಸೇಜೇ ಹೋಗವಲ್ದು. ನಾಳಿ ಯಾರ ಕಬ್ಬ ಕಡೀಬೇಕಂತ ಯಾರಿಗೂ ಗೊತ್ತಿಲ್ಲ!"

"ಕಾಕಾ, ನಾ ಅಂಕಿ ಲೆಕ್ಕದ ಲೈಬ್ರರಿ ಒಂದೇ ಹೊಸಾದು ಹಾಕ್ಕೊಂಡೇನಿ. ನನ್ನ ಪ್ರಾಜೆಕ್ಟಿಗಿ ಬೇಕಾಗಿತ್ತು."

"ನಿನಗ ಬೇಕಾದ್ರ ನಿನ್ನ ಮನ್ಯಾಗ ಹಾಕ್ಕೋ!"

"ಮನಿ ಒಂದೇ ಅದಲ್ಲ ಕಾಕಾ, ಅದೇ ಪರೇಶಾನಿ!"

ಪರೇಶಾನಿ ಏನೆಂದು ಅವಳು ನನಗೆ ಮೊದಲೇ ಹೇಳಿದ್ದಳು. ಪ್ರೋಗ್ರಾಮು ಬರೆಯಲು ಮೂವರೂ ಬಳಸುವ ಭಾಷೆ ಒಂದೇ. ಆದರೆ ಕಂಪ್ಯೂಟರಿನಲ್ಲಿ ಆ ಭಾಷೆ ಮೂರು ಸಲ ಕೂತಿದೆ: ಅರುಣನದು ಹಳೆಯದು, ಸಪ್ನಾಳದು ನಡುವಿನದು, ಶಾಂಭವಿಯದು ಹೊಸದು. ಬೇರೆಯವರು ಮೊದಲೇ ಬರೆದಿಟ್ಟ, ನಾವು ತಂದು ಬಳಸುವ ಕೆಲಸಗಳಿಗೆ ಲೈಬ್ರರಿ ಎನ್ನುತ್ತಾರೆ. ಮನೆಯಲ್ಲಿ ಕುಟ್ಟುವ ಬದಲು ಕುಟ್ಟಿದ ಖಾರ ತಂದಂತೆ. ಅಂಥವು ನೂರಾ ನಲವತ್ಮೂರು ಇದ್ದವು. ನೆಟ್ಟು ಖರ್ಚಾಗಬಾರದೆಂದು ಎಲ್ಲವನ್ನೂ ಒಂದೇ ಕಡೆ ಹಾಕಿ, ಮೂರೂ ಭಾಷೆಗಳಿಗೆ ಅಲ್ಲಿಂದಲೇ ತೆಗೆದುಕೊಳ್ಳಲು ಹೇಳಿದ್ದರು. ಒಬ್ಬರು ಒಂದನ್ನು ಬದಲಿಸಿದರೆ ಇನ್ನೊಬ್ಬರ ಊಟ ಕೆಡುತ್ತಿತ್ತು.

ಸಪ್ನಾ ಭಜ್ಜಿಯ ಬೋಗುಣಿ ಬದಿಗೆ ಸರಿಸಿ, "ಹೋದ ತಿಂಗಳು ನನ್ನ ಏಳನೇ ಇಯತ್ತೆ ಪ್ರಶ್ನೆಪತ್ರಿಕೆದಾಗ ಕಬ್ಬಿನ ಪಾಳಿ ಛಾಪ್ ಆಗಿತ್ತು, ಅದಕ್ಕ ಯಾರು ಜವಾಬ್ದಾರ್ರು?" ಎಂದಳು.

ಮಾವನವರು ಕೈ ತೊಳೆದುಕೊಂಡರು. ಅವರು ಉಣ್ಣುವ ನಡುವೆ ಕೈ ತೊಳೆದರೆಂದರೆ ತೀರ್ಪು ಬಂತೆಂದೇ ಅರ್ಥ.

"ನಾಳಿ ವಾಟ್ನಿ," ಎಂದರು.

ಭಾನುವಾರ ನಾನು ಒಲೆಯ ಮೇಲೆ ಬೇಳೆ ಇಟ್ಟು, ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ನೂರಾ ನಲವತ್ಮೂರು ಚೀಟಿ ಮಾಡಿದೆ. ಶಾಂಭವಿ ಒಂದೊಂದೇ ಲೈಬ್ರರಿಯ ಕೆಲಸ ಹೇಳಿದಳು, ನಾನು ಬರೆದೆ. ಧ್ವನಿ ಬಿಡಿಸುವುದು. ಅಂಕಿ ಲೆಕ್ಕ. ಮೆಸೇಜು ಕಳಿಸುವುದು. ಅಕ್ಷರ ಮೂಡಿಸುವುದು. ಬರೆಯುತ್ತಲೇ ಅವಳು ಅಜ್ಜನಿಗೆ ತಿಳಿಸಿ ಹೇಳಲು ನೋಡಿದಳು.

"ಮುತ್ಯಾ, ಇವು ಹಂಚೋವಲ್ಲ. ಮೂವರಿಗೂ ಒಂದೊಂದು ನಕಲು ಮಾಡಿದ್ರ ಮುಗೀತು. ಎಲ್ಲಾರಿಗೂ ಎಲ್ಲಾ ಸಿಗ್ತದ."

ಮಾವನವರ ಕೈಯ ಕೋಲು ನೆಲಕ್ಕೆ ಬಡಿಯಿತು.

"ನಕಲು? ನನ್ನ ಮುಂದ ನಕಲಿನ ಮಾತ ತೆಗೀಬ್ಯಾಡ. ನಿಂಬರ್ಗಾದಾಗ ಒಬ್ಬಾವ ಪಹಣಿ ನಕಲು ಮಾಡಿ ಒಂದ ಹೊಲ ಮೂರು ಮಂದಿಗಿ ಮಾರಿದ್ದ. ಮೂರೂ ಮಂದಿ ಒಂದೇ ದಿನ ಕೂರಿಗಿ ಕಟ್ಕೊಂಡು ಬಿತ್ಲಾಕ ಬಂದ್ರು. ಒಬ್ಬಾವ ಜೋಳ, ಒಬ್ಬಾವ ತೊಗರಿ, ಒಬ್ಬಾವ ಸೂರ್ಯಕಾಂತಿ. ಒಂದು ವಸ್ತುಕ್ಕ ಒಬ್ಬ ಧಣಿ. ಅಸಲಿ ಯಾರ ಹತ್ರ ಅದನೋ ಅವಂದು. ತಿಳೀತಿಲ್ಲೋ?"

ಶಾಂಭವಿ ನನ್ನ ಕಡೆ ನೋಡಿದಳು. ಅಜ್ಜನಿಗೆ ತಿಳಿಯದಂತೆ ಅವಳೇ ಎಲ್ಲವನ್ನೂ ಸರಿಮಾಡಿಕೊಳ್ಳಬಹುದಿತ್ತು. ದಿನದ ಕೆಲಸಕ್ಕೆ ಬೇಡ, ಆದರೆ ಕಂಪ್ಯೂಟರಿನ ಏರ್ಪಾಟನ್ನೇ ಬದಲಿಸಲು ಬೇಕಾದ ಗುಪ್ತ ಪದ ಮಾವನವರದು. ಅದನ್ನು ಅವರು ಒಂದೇ ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಹೇಳುತ್ತಾ ಒತ್ತುತ್ತಾರೆ. ತೀರಿಕೊಂಡ ನಮ್ಮ ಅತ್ತೆಯ ಹೆಸರು ಅದು, ಭಾಗಮ್ಮ. ಬೀದಿಯವರಿಗೆಲ್ಲ ಗೊತ್ತು. ಆದರೂ ಅವರಿಲ್ಲದೆ ಅದನ್ನು ಯಾರೂ ಒತ್ತುವುದಿಲ್ಲ.

ಚೀಟಿಗಳನ್ನು ಜೋಳ ಅಳೆಯುವ ಸೇರಿನಲ್ಲಿ ಹಾಕಿ ಅಲುಗಾಡಿಸಿದರು. ಮಗಳಿಗೂ ಸಮಪಾಲು ಎನ್ನುವವರು ಮಾವನವರು, ಅದಕ್ಕೆ ಮೊದಲು ಸಪ್ನಾಳ ಕೈಯಿಂದಲೇ ತೆಗೆಸಿದರು. ನಮ್ಮವರು ಬಿತ್ತನೆ ಬೀಜದ ಕೆಲಸಕ್ಕೆ ಬೀದರಿಗೆ ಹೋಗಿದ್ದರಿಂದ ನಮ್ಮ ಪಾಲಿನವು ಶಾಂಭವಿ ತೆಗೆದಳು. ಒಬ್ಬೊಬ್ಬರಿಗೆ ನಲವತ್ತೇಳು ಬಂದವು. ಎರಡು ಉಳಿದವು.

"ಉಳಿದದ್ದು ಹಿರೀ ಸೊಸಿದು. ಅದೇ ರಿವಾಜು," ಎಂದು ಮಾವನವರು ಎರಡು ಚೀಟಿಗಳನ್ನು ನನ್ನ ಕೈಗಿಟ್ಟರು. ಒಂದು ಪರದೆಯ ಮೇಲೆ ಬಣ್ಣ ತೋರಿಸುವುದು. ಇನ್ನೊಂದು ಲೋಕದ ಎಲ್ಲ ದೇಶಗಳಲ್ಲಿ ಈಗ ಎಷ್ಟು ಗಂಟೆ ಎಂದು ಹೇಳುವ ಗಡಿಯಾರ. ನಾನು ಅವನ್ನು ಸಾಸಿವೆ ಡಬ್ಬಿಯಲ್ಲಿಟ್ಟೆ. ನನ್ನ ಹೆಸರಿನಲ್ಲಿ ಏನಾದರೂ ಬಂದದ್ದು ಅದೇ ಮೊದಲು, ಒಲೆಯ ಬಳಿ ಹೋಗುವಾಗ ಸ್ವಲ್ಪ ಹೆಮ್ಮೆಯೂ ಆಯಿತು.

ಮಾವನವರು ಭಾಗಮ್ಮನ ಹೆಸರು ಒತ್ತಿದರು. ಶಾಂಭವಿ ಅವರ ಕಣ್ಣ ಮುಂದೆಯೇ ನೂರಾ ನಲವತ್ಮೂರನ್ನೂ ಅವರವರ ಪಾಲಿಗೆ ಸರಿಸಿದಳು. ಹೊರಗಿನಿಂದ ಒಂದನ್ನೂ ತರುವ ಹಾಗಿಲ್ಲವೆಂದು ಅವರು ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕೋಲು ಅಡ್ಡ ಇಟ್ಟು, ಕಂಪ್ಯೂಟರಿನ ಪಕ್ಕದಲ್ಲೇ ಕಾವಲು ಕೂತರು.

ಹನ್ನೊಂದು ಗಂಟೆಗೆ ಮೂರು ಪ್ರೋಗ್ರಾಮುಗಳನ್ನೂ ನಡೆಸಿ ನೋಡಿದರು. ಮೂರೂ ಸತ್ತಿದ್ದವು.

ಕಬ್ಬಿನ ಪಾಳಿಯ ಮೆಸೇಜು ಕಳಿಸುವ ಲೈಬ್ರರಿ ಶಾಂಭವಿಯ ಪಾಲಿಗೆ ಬಂದಿತ್ತು. ಪ್ರಶ್ನೆಪತ್ರಿಕೆಯ ಅಕ್ಷರ ಮೂಡಿಸುವುದು ಅರುಣನಿಗೆ. ಶಾಂಭವಿಗೆ ಪ್ರಾಣವಾದ ಧ್ವನಿ ಬಿಡಿಸುವುದೂ ಅರುಣನಿಗೇ ಹೋಗಿತ್ತು. ಅವನು ಆ ಚೀಟಿಯನ್ನು ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡಿದ್ದ.

"ಕಾಕಾ, ಅದು ನಿನಗ ಏನ್ ಮಾಡ್ಲಾಕ? ಕಬ್ಬು ಮಾತಾಡ್ತದೇನು?"

"ಮಾತಾಡ್ಲಿ, ಬಿಡ್ಲಿ. ನನ್ನ ಪಾಲಿಗಿ ಬಂದದ್ದು. ನಾ ಯಾಕ ಬಿಡ್ಲಿ? ನನ್ನ ಮೆಸೇಜಿಂದು ಕೊಡು, ನೋಡೋಣ."

"ಬರೇ ಒಂದಕ್ಕ ಒಂದಾ? ನಿಂದು ದೊಡ್ಡದದ, ಅವಳದು ಸಣ್ಣದು. ಮ್ಯಾಲ ಎರಡು ಸೇರಿಸಿ ಇಸ್ಕೋ," ಎಂದು ಸಪ್ನಾ ಅಣ್ಣನ ಕಿವಿ ಊದಿದಳು. ತನ್ನ ಚೀಟಿಗಳಿಗೆ ಅವಳು ಸೇಫ್ಟಿ ಪಿನ್ನು ಚುಚ್ಚಿ ಪರ್ಸಿನಲ್ಲಿಟ್ಟಿದ್ದಳು.

ಕೈಗಡ ಕೊಡಬಹುದು ಎಂದರು ಮಾವನವರು. ಆದರೆ ಕೊಟ್ಟವರ ಬಳಿ ಅದು ಇರಕೂಡದು. ಎರಡು ಕಡೆ ಇದ್ದರೆ ನಕಲಾಯಿತು. ಅರ್ಧ ತಾಸಿಗೆಂದು ಅರುಣ ಧ್ವನಿಯನ್ನು ಕೊಟ್ಟ. ಅದು ಒಂಟಿಯಾಗಿ ಕೆಲಸ ಮಾಡಲಿಲ್ಲ. ಅದರ ಬೆನ್ನಿಗೆ ಇನ್ನೂ ಹನ್ನೊಂದು ಬೇಕೆಂದಿತು.

"ಹನ್ನೊಂದು ಮಂದಿ ಸಂಗಟ ಇಲ್ಲಂದ್ರ ಹೊಸ್ತಿಲ ದಾಟದ ಬೀಗ್ತಿ ಇದ್ದಂಗ ಅದಲ್ಲ ಇದು," ಎಂದರು ಮಾವನವರು. ಹನ್ನೊಂದರಲ್ಲಿ ಆರು ಸಪ್ನಾಳ ಪರ್ಸಿನಲ್ಲಿ, ನಾಲ್ಕು ಅರುಣನ ಕಿಸೆಯಲ್ಲಿ. ಒಂದು ನನ್ನ ಸಾಸಿವೆ ಡಬ್ಬಿಯಲ್ಲಿ.

ಅದು ಗಡಿಯಾರ. ಮೂವರಿಗೂ ಅದೇ ಬೇಕಿತ್ತು. ನಾನು ರೊಟ್ಟಿ ಬಡಿಯುತ್ತಿದ್ದರೆ ಅಡುಗೆಮನೆಯ ಬಾಗಿಲಿಗೆ ಸಾಲು ಹತ್ತಿತು.

"ವೈನಿ, ನಿಮ್ಮ ಗಡಿಯಾರ ಜರಾ ಕೊಡ್ರಿ. ಗೊಬ್ಬೂರ ಮಂದಿ ಕುಡಗೋಲು ಹಿಡ್ಕೊಂಡು ಕೂತಾರ್ರಿ."

"ಅವನಿಗಿ ಮೊದಲ ಕೊಡಬ್ಯಾಡ್ರಿ ವೈನಿ. ನಿಮ್ಮ ಕೈಗಿ ಹಿಟ್ಟ ಹತ್ತ್ಯದ, ನಾನೇ ತಗೋತೇನಿ."

"ಅವ್ವಾ, ನಾ ನಿನ್ನ ಹೊಟ್ಯಾಗ ಹುಟ್ಟೇನಿ!"

ಹೊಟ್ಟೆಯಲ್ಲಿ ಹುಟ್ಟಿದವಳೆಂದು ಅವಳಿಗೇ ಮೊದಲು ಕೊಟ್ಟರೆ ಉಳಿದಿಬ್ಬರ ಮುಖ ನಾನು ಹೇಗೆ ನೋಡಲಿ? ಪಾಳಿ ಹಚ್ಚಿದೆ. ಆರು ರೊಟ್ಟಿ ಬೇಯುವಷ್ಟು ಹೊತ್ತು ಒಬ್ಬರಿಗೆ. ನನ್ನ ಗಡಿಯಾರ ಅಫಜಲಪುರದ ಪಾಲಿಗೆ ಹೋಗಿ, ಜೇವರ್ಗಿಯ ಪಾಲಿಗೆ ಹೋಗಿ, ಶಾಂಭವಿಯ ಬಳಿ ಬಂದು, ಮತ್ತೆ ಸಾಸಿವೆ ಡಬ್ಬಿ ಸೇರಿತು. ಮೂವತ್ತು ರೊಟ್ಟಿಗಳಾದವು. ಯಾರ ಪ್ರೋಗ್ರಾಮೂ ಏಳಲಿಲ್ಲ. ಒಬ್ಬರಿಗೆ ಗಡಿಯಾರ ಸಿಕ್ಕಾಗ ಅಂಕಿ ಲೆಕ್ಕ ಇನ್ನೊಬ್ಬರ ಬಳಿ ಇರುತ್ತಿತ್ತು.

ಊಟದ ನಂತರ ಹೇಗೋ ಅಂಗಲಾಚಿ ಶಾಂಭವಿ ಎಲ್ಲವನ್ನೂ ಕಾಲು ತಾಸಿನ ಮಟ್ಟಿಗೆ ತನ್ನ ಕಡೆ ಕೂಡಿಸಿಕೊಂಡಳು. ಆಗ ಇನ್ನೊಂದು ತೊಡಕು ಹೊರಬಿತ್ತು. ಶನಿವಾರದ ಬೈಗುಳಕ್ಕೆ ಹೆದರಿ ಅವಳೇ ಅಂಕಿ ಲೆಕ್ಕದ ಲೈಬ್ರರಿಯನ್ನು ಮತ್ತೆ ಹಳೆಯದಕ್ಕೆ ತಿರುಗಿಸಿಟ್ಟಿದ್ದಳು. ಹೊಸ ಭಾಷೆಗೆ ಅದು ಹೊಂದಲಿಲ್ಲ.

ನಾಲ್ಕು ಗಂಟೆಗೆ ನಾನು ಹಿತ್ತಲಿಗೆ ಹೋದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ನಾಳೆ ತೋರಿಸಲೆಂದು ಇಟ್ಟುಕೊಂಡ ತೊಗರಿ ಕಾಯಿಗಳು.

"ಅವ್ವಾ, ನಾಳಿ ಅವರು ಕೇಳಿದ್ರ ಏನ್ ಹೇಳ್ಲಿ? ಧ್ವನಿ ನಮ್ಮ ಕಾಕಾನ ಕಿಸೆದಾಗ ಅದ ಅಂತ ಹೇಳ್ಲಾ?"

ನಗು ಬಂತು. ತಡೆದುಕೊಂಡೆ. ತಲೆ ನೇವರಿಸಿದೆ. ಕೂದಲಿಗೆ ಎರಡು ದಿನದಿಂದ ಎಣ್ಣೆ ಇಲ್ಲ.

"ಮೂರೂ ಬ್ಯಾರೆ ಬ್ಯಾರೆ ಇರಬೇಕವ್ವಾ. ಹಳೇದಕ್ಕ ಹಳೇವು, ನಂದಕ್ಕ ಹೊಸಾವು. ಜಗಳ ಇಲ್ಲದವು ಹತ್ತೊಂಬತ್ತ ಅವ, ಅವು ಮೂವರಿಗೂ ಕೂಡಿ ಒಂದ ಕಡೆ ಇದ್ರ ಸಾಕು. ಎಲ್ಲಾ ನೆಟ್ಟಿನಾಗ ಪುಕ್ಕಟ ಸಿಗ್ತಾವ. ನಾ ತಂದ್ರ ಕಾಕಾಂದು ಒಂದು ಚೂರೂ ಕಡಿಮಿ ಆಗಂಗಿಲ್ಲ. ಖರೇ ಹೇಳ್ತೇನಿ. ಮುತ್ಯಾಗ ಇದು ಹ್ಯಾಂಗ ಹೇಳ್ಲಿ?"

"ಎಷ್ಟು ಕೊಟ್ರೂ ಕಡಿಮಿ ಆಗಂಗಿಲ್ಲೇನು?"

"ಇಲ್ಲವ್ವಾ."

ಒಳಗೆ ಬಂದು ಹಬ್ಬದ ಪಾತ್ರೆ ತೊಳೆಯಲು ಕೂತೆ. ಮೂರು ಮೊಸರಿನ ಗಡಿಗೆಗಳು ಸಾಲಾಗಿದ್ದವು. ಒಂದು ನಮ್ಮದು, ಒಂದು ಅರುಣ ಅಫಜಲಪುರದಿಂದ ತಂದದ್ದು, ಇನ್ನೊಂದು ಸಪ್ನಾ ಜೇವರ್ಗಿಯಿಂದ ತಂದದ್ದು. ಮೂರರ ತಳದಲ್ಲೂ ಅಷ್ಟಿಷ್ಟು ಉಳಿದಿತ್ತು. ತಿಕ್ಕುವ ಕೈ ನಿಂತಿತು.

ಮೂರು ಬಟ್ಟಲುಗಳಲ್ಲಿ ಮೊಸರು ಹಾಕಿಕೊಂಡು ಕಂಪ್ಯೂಟರಿನ ಕೋಣೆಗೆ ಹೋದೆ. ಮಾವನವರು ಕಾವಲು ಬಿಟ್ಟು ಎದ್ದಿರಲಿಲ್ಲ. ಅರುಣ, ಸಪ್ನಾ ಇಬ್ಬರೂ ಎದುರುಬದುರು ಕೂತು ಚೀಟಿ ಎಣಿಸುತ್ತಿದ್ದರು.

"ಮಾವ್ರೀ, ಮುಂಜಾನಿಂದ ಇಲ್ಲೇ ಕೂತೀರಿ. ಮಸರು ಕುಡೀರಿ."

ಮೊದಲ ಬಟ್ಟಲಿನಿಂದ ಒಂದು ಗುಟುಕು ಕುಡಿದು, "ಇದು ನಮ್ಮ ಮನೀದು," ಎಂದರು. ಎರಡನೆಯದಕ್ಕೆ ಹುಬ್ಬು ಗಂಟಾಯಿತು. "ಹುಳಿ ಹಿಡದದ. ಅರುಣಂದು. ಅವನ ಮನ್ಯಾಗ ಯಾವತ್ತೂ ಹಿಂಗೇ." ಮೂರನೆಯದು, "ಸಪ್ನಾಂದು. ಹಾಲು ದಪ್ಪದ."

"ಇವುಕ್ಕ ಹೆಪ್ಪು ಎಲ್ಲಿಂದು ಮಾವ್ರೀ?"

"ಎಲ್ಲಿಂದಂದ್ರ? ನಿಮ್ಮತ್ತಿದು. ಭಾಗಮ್ಮಂದು. ಸಪ್ನಾ ಲಗ್ನಾಗಿ ಹೋಗಾಗ ಆಕಿನೇ ಕೊಟ್ಟು ಕಳಿಸಿದ್ಳು. ಅರುಣಗ ನೀ ಕೊಟ್ಟಿ. ಬಸ್ಸಿನಾಗ ತೊಡಿ ಮ್ಯಾಲ ಇಟ್ಕೊಂಡು ಹೋಗಿದ್ದಿ."

"ಅರುಣ ಬ್ಯಾರೆ ಆದಾಗ ವಾಟ್ನಿ ನೀವೇ ಮಾಡೀರಿ. ಹಂಡೆ ಹಂಚೀರಿ, ಹೊಲ ಹಂಚೀರಿ. ಹೆಪ್ಪು ಹಂಚೀರೇನ್ರಿ?"

ನಾನು ಮೂರೂ ಬಟ್ಟಲುಗಳನ್ನು ಅವರ ಮುಂದೆ ಸಾಲಾಗಿ ಇಟ್ಟೆ.

"ಇದರಾಗ ಅಸಲಿ ಯಾವುದ್ರಿ, ನಕಲು ಯಾವುದು?"

ಇಪ್ಪತ್ತೆರಡು ವರ್ಷದಲ್ಲಿ ನಾನು ಅವರನ್ನು ಹೀಗೆ ಪ್ರಶ್ನೆ ಕೇಳಿದವಳಲ್ಲ. ಅವರು ಮೂರೂ ಬಟ್ಟಲುಗಳನ್ನು ಇನ್ನೊಂದು ಸಲ ತುಟಿಗೆ ಹಿಡಿದರು. ಹುಳಿಯದನ್ನೂ ಬಿಡಲಿಲ್ಲ.

"ಮೂರೂ ಆಕಿದೇ," ಎಂದರು ಮೆಲ್ಲಗೆ. ಬಟ್ಟಲು ಕೆಳಗಿಟ್ಟು ಮೊಮ್ಮಗಳನ್ನು ಕೂಗಿದರು. "ಶಾಂಭವಿ! ನೀ ಹೇಳೋ ನಕಲು, ಅದು ಪಹಣಿ ಜಾತಿದೋ, ಹೆಪ್ಪಿನ ಜಾತಿದೋ?"

ಅವಳು ಓಡಿ ಬಂದಳು. ಬಟ್ಟಲು ನೋಡಿದಳು, ನನ್ನ ಮುಖ ನೋಡಿದಳು.

"ಹೆಪ್ಪಿನ ಜಾತಿದೇ, ಮುತ್ಯಾ. ಇಸ್ಕೊಂಡು ನನ್ನ ಗಡಿಗ್ಯಾಗ ಹಾಕ್ಕೊಂಡ್ರ ಅವರದು ಕಡಿಮಿ ಆಗಂಗಿಲ್ಲ. ನಂದು ಕೆಟ್ರೂ ಅವರದು ಕೆಡಂಗಿಲ್ಲ."

"ಹಂಗಂತ ಮೊದಲೇ ಹೇಳ್ಲಾಕ ಏನಾಗಿತ್ತು ನಿನಗ? ಸುಮ್ನ ನಕಲು ನಕಲು ಅಂತ ಒದರಾಕತ್ತಿದ್ದಿ!" ಎಂದು ಅವಳನ್ನೇ ಗದರಿದರು. ನಂತರ ಅರುಣನ ಕಡೆ ತಿರುಗಿದರು. "ಏ ಅರುಣ, ಕಿಸಿ ಗುಂಡಿ ಬಿಚ್ಚಲೇ."

ಎಲ್ಲ ಮುಗಿಯಿತು ಎಂದುಕೊಂಡೆ. ಮಾವನವರು ಕೋಲೆತ್ತಿ ಕಿಟಕಿಯ ಕಡೆ ತೋರಿಸಿದರು.

"ಆದ್ರ ಹೆಪ್ಪಂದ್ರ ಹೆಪ್ಪಿನ ರಿವಾಜೇ. ದೀಪ ಹಚ್ಚಿದ ಮ್ಯಾಲ ಹೆಪ್ಪು ಹೊಸ್ತಿಲ ದಾಟಂಗಿಲ್ಲ, ಒಳಗ ಬರಂಗಿಲ್ಲ. ಅದರೊಳಗ ಏನ್ ತರ್ತೀರೋ ತರ್ರಿ."

ಆಗ ಐದು ಹೊಡೆದಿತ್ತು. ಪುಷ್ಯದ ಹೊತ್ತು ಮುಳುಗುವುದು ಬೇಗ. ಮೂವರಿಗೂ ಬೇರೆ ಬೇರೆ ತರಬೇಕಾದವು ಮುನ್ನೂರಕ್ಕೂ ಮೇಲೆ. ನಮ್ಮ ಓಣಿಯ ನೆಟ್ಟು ಹಬ್ಬದ ಮರುದಿನ ಎಲ್ಲರಂತೆ ಅದಕ್ಕೂ ಹೊಟ್ಟೆ ಭಾರವಾಗಿದೆಯೇನೋ ಎಂಬಂತೆ ನಡೆಯುತ್ತಿತ್ತು. ಮಾವನವರು ಭಾಗಮ್ಮನ ಹೆಸರು ಒತ್ತಿದರು. ಶಾಂಭವಿಯ ಬೆರಳು ಓಡತೊಡಗಿದವು. ಅರುಣ ಬಾಗಿಲಲ್ಲಿ ನಿಂತು ಫೋನನ್ನು ಮೇಲೆತ್ತಿ ಹಿಡಿದು ತನ್ನ ನೆಟ್ಟನ್ನೂ ಕೊಟ್ಟ. ಸಪ್ನಾ ಒಂದೊಂದು ಬಂದಂತೆ ಒಂದೊಂದು ಚೀಟಿ ಹರಿದು ಹಾಕುತ್ತಾ, "ಅಫಜಲಪುರಕ್ಕ ಬಂತು! ಜೇವರ್ಗಿಗಿ ಬಂತು!" ಎಂದು ಬಸ್ ಸ್ಟ್ಯಾಂಡಿನವರಂತೆ ಕೂಗುತ್ತಿದ್ದಳು.

ದೀಪ ಹಚ್ಚುವುದು ನನ್ನ ಕೆಲಸ. ಈ ಮನೆಗೆ ಬಂದಾಗಿನಿಂದ ಒಂದು ದಿನವೂ ತಡಮಾಡಿಲ್ಲ. ಅಂದು ದೇವರ ಮುಂದೆ ಕೂತು ಬತ್ತಿ ಹೊಸೆದೆ. ಹೊಸೆದದ್ದು ಸಣ್ಣದಾಯಿತೆಂದು ಬಿಚ್ಚಿದೆ. ದಪ್ಪವಾಯಿತೆಂದು ಮತ್ತೆ ಬಿಚ್ಚಿದೆ. ಹಣತೆಯನ್ನು ಬೂದಿಯಲ್ಲಿ ಎರಡು ಸಲ ತಿಕ್ಕಿದೆ. ಎಣ್ಣೆಯ ಗಿಂಡಿಯಲ್ಲಿ ಇರುವೆ ಇದೆಯೇ ಎಂದು ನೋಡಿದೆ, ಇರಲಿಲ್ಲ. ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನೆಲ್ಲ ಒಂದೇ ಕಡೆ ತಲೆ ಬರುವಂತೆ ಜೋಡಿಸಿದೆ. ಕೋಣೆಯಿಂದ ಸಪ್ನಾಳ ದನಿ ಕೇಳುತ್ತಲೇ ಇತ್ತು. ಹೊರಗೆ ಬೇವಿನ ಮರದ ಎಲೆಗಳು ಬೇರೆ ಬೇರೆಯಾಗಿ ಕಾಣುವುದು ನಿಂತುಹೋಯಿತು. ಎದುರು ಮನೆಯಲ್ಲಿ ದೀಪ ಹತ್ತಿತು. ಆಮೇಲೆ ಪಕ್ಕದ ಮನೆಯಲ್ಲಿ.

ಮಾವನವರು ಎದ್ದು ಬಾಗಿಲಿಗೆ ಬಂದರು. ಅವರ ಹಿಂದೆಯೇ ಶಾಂಭವಿಯೂ ಓಡಿ ಬಂದಳು.

"ಮುತ್ಯಾ, ಇನ್ನಾ ಹದಿನಾಲ್ಕು ಅವ. ಎಲ್ಲಾ ನನ್ನವೇ. ಧ್ವನಿದೂ ಅದರಾಗ ಅದ."

ಅವರು ಅಂಗಳಕ್ಕಿಳಿದು ಆಕಾಶ ನೋಡಿದರು. ಮೂರು ನಕ್ಷತ್ರ ನನಗೇ ಕಾಣುತ್ತಿದ್ದವು. ಅವರ ಕಣ್ಣಿಗೆ ಪೊರೆ ತೆಗೆಸಿ ವರ್ಷವಾಗಿದೆ, ಚೆನ್ನಾಗಿಯೇ ಕಾಣುತ್ತದೆ.

"ಗುರುಬಾಯಿ."

"ಹೌದ್ರಿ ಮಾವ್ರೀ."

"ಇನ್ನಾ ಬೆಳಕದ. ಯಾಕ ಅವಸರ ಮಾಡಾಕತ್ತೀದಿ?"

ನಾನು ಬತ್ತಿಯನ್ನು ಇನ್ನೊಮ್ಮೆ ಬಿಚ್ಚಿದೆ.

ಕೊನೆಯದು ಬಂದಾಗ ಸಪ್ನಾ ಚೀಟಿ ಹರಿಯಲು ಹೋದಳು, ಕತ್ತಲಲ್ಲಿ ಅಕ್ಷರ ಕಾಣದೆ ಪಿನ್ನು ಚುಚ್ಚಿಕೊಂಡಳು. ಶಾಂಭವಿ ನನ್ನ ಬಳಿ ಬಂದು, "ಅವ್ವಾ, ನಿನ್ನ ಗಡಿಯಾರ," ಎಂದು ಕೈ ನೀಡಿದಳು. ಅದು ಮೂವರಿಗೂ ಹೊಂದುವ ಹತ್ತೊಂಬತ್ತರಲ್ಲಿ ಒಂದು, ಹಂಚದೆ ಸಾಮಾಯಿಕವಾಗಿ, ಎಂದರೆ ಎಲ್ಲರಿಗೂ ಕೂಡಿ, ಇಡಬೇಕಾದದ್ದು. ನಾನು ಸಾಸಿವೆ ಡಬ್ಬಿಯಿಂದ ಚೀಟಿ ತೆಗೆದುಕೊಟ್ಟೆ. ಬಣ್ಣದ್ದು ಯಾರೂ ಕೇಳಲಿಲ್ಲ, ಈಗಲೂ ನನ್ನ ಬಳಿಯೇ ಇದೆ. ದೀಪ ಹಚ್ಚಿದೆ.

ಸೋಮವಾರ ಹತ್ತಕ್ಕೆ ಶಾಂಭವಿ ಕಾಲೇಜಿನಿಂದ ನಮ್ಮ ಕಂಪ್ಯೂಟರಿನೊಳಗೆ ಬಂದಳು. ಕರೆಂಟು ಹೋದರೆ ನೋಡಿಕೊಳ್ಳಲೆಂದು ನಾನು, ನಕಲು ಕಾಯಲೆಂದಲ್ಲ ಸುಮ್ಮನೆ ಎಂದು ಮಾವನವರು, ಇಬ್ಬರೂ ಅದರ ಮುಂದೆ ಕೂತಿದ್ದೆವು. ಪರೀಕ್ಷಕರು ಒಂದು ಕಾಯಿ ಎತ್ತಿಕೊಂಡು ಅಲ್ಲಾಡಿಸಿದ ಸಪ್ಪಳ ಕಲಬುರಗಿಯಿಂದ ಬಂದು ನಮ್ಮ ಜೋಳದ ಕೋಣೆಯಲ್ಲಿ ಕೇಳಿಸಿತು.

ಮಾವನವರು ಕಿವಿ ವಾರೆ ಮಾಡಿದರು. "ಇನ್ನಾ ಹಸಿ ಅದ. ಎರಡು ದಿನ ಬೇಕು."

ನಾನು ಪರದೆಯನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಅಕ್ಷರ ಮೂಡಿದವು: ಇನ್ನಾ ಹಸಿ ಅದ.

"ಎರಡು ದಿನದ ಮಾತು ಹೇಳಲಿಲ್ಲ ಅದು," ಎಂದು ಮಾವನವರು ಕೋಲು ಊರಿ ಎದ್ದರು. "ಬರ್ಲಿ ಶಾಂಭವಿ, ಕಲಿಸ್ತೇನಿ."